ಒಂದು ಪೇಪರ್, ಏಳು ಷರತ್ತು: ಗಣಿತದ ಫೈನಾನ್ಸ್ ಸಂಶೋಧನೆಯನ್ನು ಓದುವ, ಚರ್ಚಿಸುವ, ಬರೆಯುವ ಬಗೆ

ಬೆಂಗಳೂರಿನಲ್ಲಿ ಬ್ಯಾಂಕುಗಳಿಗೆ, ಟ್ರೇಡಿಂಗ್ ಕಂಪನಿಗಳಿಗೆ ಲೆಕ್ಕದ ಕೆಲಸ ಮಾಡುವ ಯುವಕ ಯುವತಿಯರು ಕಡಿಮೆಯೇನಿಲ್ಲ. ಎಂಜಿನಿಯರಿಂಗ್ ಓದಿರುತ್ತಾರೆ, ಕೋಡ್ ಬರೆಯುತ್ತಾರೆ, ಗಣಿತಕ್ಕೂ ಹೆದರುವವರಲ್ಲ. ಆದರೂ ಒಂದು ಸಂಶೋಧನಾ ಪೇಪರ್ ಕೈಗಿತ್ತರೆ ಎರಡನೇ ಪುಟಕ್ಕೇ ಸುಸ್ತಾಗುತ್ತಾರೆ. ಬುದ್ಧಿ ಸಾಲದೆ ಹೀಗಾಗುವುದಿಲ್ಲ. ಮೊದಲ ಸಾಲಿನಿಂದ ಹಿಡಿದು ಒಂದನ್ನೂ ಬಿಡದೆ ಓದಲು ಹೋಗುತ್ತಾರೆ, ಅಷ್ಟೇ. ಈ ಪೇಪರ್‌ಗಳನ್ನು ಬರೆದವರೇ ಆ ಕ್ರಮದಲ್ಲಿ ಯೋಚಿಸಿರುವುದಿಲ್ಲ.

ಗಣಿತದ ಫೈನಾನ್ಸ್‌ನಲ್ಲಿ ಬರುವ ಬಹುಪಾಲು ಪೇಪರ್‌ಗಳ ಒಳಗಿನ ಮಾತು ಒಂದೇ. ಇಂತಿಂಥ ಷರತ್ತುಗಳನ್ನು ಒಪ್ಪಿಕೊಳ್ಳಿ, ಆಗ ಇದರ ಬೆಲೆ ಇಷ್ಟು. ಅಥವಾ, ಆಗ ಹೀಗೆ ಹೂಡಿಕೆ ಮಾಡುವುದೇ ಒಳ್ಳೆಯದು. ಕೊನೆಯ ಸೂತ್ರ ಎಲ್ಲಾದರೂ ಸಿಗುತ್ತದೆ, ಬೇಕಾದರೆ ಕೋಡ್ ಆಗಿಯೇ ಸಿಗುತ್ತದೆ. ಯಾವ ಷರತ್ತು ಯಾವ ಸಾಲಿನಲ್ಲಿ ಕೆಲಸ ಮಾಡಿತು ಅನ್ನುವುದನ್ನು ಮಾತ್ರ ನಾವೇ ಹುಡುಕಬೇಕು. ಓದುವುದು ಅಂದರೆ ಈ ಹುಡುಕಾಟ. ಚರ್ಚೆ ನಡೆಯುವುದೂ ಇದರ ಮೇಲೇ, ಹೊಸ ಪೇಪರ್ ಹುಟ್ಟುವುದೂ ಇದರಿಂದಲೇ.

ಸುಮ್ನೆ ಹೇಳಿದರೆ ಸಾಲದು. ಈ ಕ್ಷೇತ್ರದ ಅತ್ಯಂತ ಪ್ರಸಿದ್ಧ ಪೇಪರನ್ನೇ ತೆಗೆದುಕೊಳ್ಳೋಣ.

ಹದಿನೆಂಟು ಪುಟ

ಫಿಶರ್ ಬ್ಲ್ಯಾಕ್ ಮತ್ತು ಮೈರನ್ ಶೋಲ್ಸ್ ಬರೆದ ಆಪ್ಷನ್ ಬೆಲೆಯ ಪೇಪರ್ 1973ರಲ್ಲಿ ಶಿಕಾಗೋದ ‘ಜರ್ನಲ್ ಆಫ್ ಪೊಲಿಟಿಕಲ್ ಎಕಾನಮಿ’ಯಲ್ಲಿ ಬಂತು. ಒಟ್ಟು 18 ಪುಟ. ಆಪ್ಷನ್ (ಗೊತ್ತುಮಾಡಿದ ಬೆಲೆಗೆ ಕೊಳ್ಳುವ ಇಲ್ಲವೇ ಮಾರುವ ಹಕ್ಕು) ಅಂದರೆ ಏನು ಅನ್ನುವ ಸರಳ ಸಾಲಿನಿಂದ ಶುರುವಾಗುತ್ತದೆ. ಮೊದಲ ಪುಟಗಳಲ್ಲಿ ಮಾತೇ ಜಾಸ್ತಿ, ಒಂದು ಚಿತ್ರವೂ ಇದೆ. ಷೇರಿನ ಬೆಲೆ ಏರಿದ ಹಾಗೆ ಆಪ್ಷನ್ ಬೆಲೆ ಹೇಗೆ ಏರುತ್ತದೆ ಅಂತ ತೋರಿಸುವ ಗೆರೆಗಳು. ಆಮೇಲೆ ಏಳು ಷರತ್ತುಗಳ ಪಟ್ಟಿ ಬರುತ್ತದೆ. ಬಡ್ಡಿ ದರ ಗೊತ್ತಿರುತ್ತದೆ, ಬದಲಾಗುವುದಿಲ್ಲ. ಷೇರಿನ ಬೆಲೆ ನಿರಂತರವಾಗಿ, ಜಿಗಿಯದೆ, ಒಂದೇ ಪ್ರಮಾಣದ ಏರಿಳಿತದಲ್ಲಿ ಓಡಾಡುತ್ತದೆ. ಡಿವಿಡೆಂಡ್ ಇಲ್ಲ. ಆಪ್ಷನ್ನನ್ನು ಕೊನೆಯ ದಿನ ಮಾತ್ರ ಚಲಾಯಿಸಬಹುದು. ಬ್ರೋಕರ್ ಖರ್ಚಿಲ್ಲ. ಬೇಕಾದಷ್ಟು ಸಾಲ ಅದೇ ಬಡ್ಡಿಗೆ ಸಿಗುತ್ತದೆ. ಕೈಯಲ್ಲಿ ಇಲ್ಲದ ಷೇರನ್ನು ಮಾರುವುದಕ್ಕೂ ಅಡ್ಡಿಯಿಲ್ಲ.

ಇದನ್ನು ಓದಿದವರು ಎರಡು ರೀತಿ ಮಾಡುತ್ತಾರೆ. ಕೆಲವರು ನಕ್ಕು ಬದಿಗಿಡುತ್ತಾರೆ, ಇಂಥ ಮಾರುಕಟ್ಟೆ ಎಲ್ಲಿದೆ ಅಂತ. ಕೆಲವರು ಪಟ್ಟಿಯನ್ನು ದಾಟಿ ಸೀದಾ ಸೂತ್ರಕ್ಕೆ ಓಡುತ್ತಾರೆ. ನನಗೆ ಕೇಳಿದರೆ ಇಡೀ ಪೇಪರಿನಲ್ಲಿ ಜಾಸ್ತಿ ಹೊತ್ತು ನಿಲ್ಲಬೇಕಾದ ಜಾಗ ಇದೇ. ಆದರೆ ಇಲ್ಲಿ ನಿಂತು ನೋಡಲು ಕೈಯಲ್ಲಿ ಒಂದು ಪುಟ್ಟ ಲೆಕ್ಕ ಇರಬೇಕು.

ಪೆನ್ನು ಹಿಡಿದು

ಒಂದು ಷೇರು ಇವತ್ತು 100 ರೂಪಾಯಿ. ನಾಳೆ ಅದು 120 ಆಗುತ್ತದೆ, ಇಲ್ಲವೇ 90 ಆಗುತ್ತದೆ. ಬೇರೆ ಏನೂ ಆಗುವುದಿಲ್ಲ. ನಾಳೆ ಆ ಷೇರನ್ನು 105ಕ್ಕೆ ಕೊಳ್ಳುವ ಹಕ್ಕು, ಅಂದರೆ ಕಾಲ್ ಆಪ್ಷನ್, ಇವತ್ತು ಎಷ್ಟಕ್ಕೆ ಮಾರಬೇಕು? ಬಡ್ಡಿ ಸೊನ್ನೆ ಅಂದುಕೊಳ್ಳಿ.

ಷೇರು 120 ಆದರೆ ಆ ಹಕ್ಕಿನ ಬೆಲೆ 15. 90 ಆದರೆ ಸೊನ್ನೆ. ಯಾರಿಗಾದರೂ ಮೊದಲು ಹೊಳೆಯುವ ಪ್ರಶ್ನೆ, 120 ಆಗುವ ಸಾಧ್ಯತೆ ಎಷ್ಟು ಅನ್ನುವುದು. ಅದನ್ನು ಸ್ವಲ್ಪ ಬದಿಗಿಡಿ. ನೀವು ಕಾಲ್ ಮಾರಿದ್ದೀರಿ, ಜೊತೆಗೆ ಅರ್ಧ ಷೇರು ಕೊಂಡಿದ್ದೀರಿ. (ಅರ್ಧ ಷೇರು ಎಲ್ಲಿ ಸಿಗುತ್ತದೆ ಅನ್ನುವವರು 100 ಕಾಲ್‌ಗೆ 50 ಷೇರು ಅಂತ ಓದಿಕೊಳ್ಳಿ.) ನಾಳೆ ಬೆಲೆ ಏರಿದರೆ ಅರ್ಧ ಷೇರಿನಿಂದ 60 ಬರುತ್ತದೆ, ಕಾಲ್ ಕೊಂಡವರಿಗೆ 15 ಕೊಡಬೇಕು, ಉಳಿಯುವುದು 45. ಇಳಿದರೆ ಅರ್ಧ ಷೇರಿನಿಂದ 45 ಬರುತ್ತದೆ, ಕೊಡುವುದು ಏನೂ ಇಲ್ಲ, ಉಳಿಯುವುದು ಅದೇ 45. ಏರಲಿ, ಇಳಿಯಲಿ, ಕೈಯಲ್ಲಿ 45. ಬಡ್ಡಿಯಿಲ್ಲದ ಲೋಕದಲ್ಲಿ ನಾಳೆ ಖಾತ್ರಿಯಾಗಿ ಸಿಗುವ 45ರ ಬೆಲೆ ಇವತ್ತೂ 45. ಅರ್ಧ ಷೇರಿಗೆ 50 ಹಾಕಿದ್ದೀರಿ. ಹಾಗಾಗಿ ಕಾಲ್‌ನಿಂದ ಬರಬೇಕಾದದ್ದು 5 ರೂಪಾಯಿ.

ಯಾರೋ 6 ಕೊಡಲು ಬಂದರು ಅನ್ನಿ. ಆ 6 ತೆಗೆದುಕೊಂಡು, 44 ಸಾಲ ಮಾಡಿ, ಅರ್ಧ ಷೇರು ಕೊಳ್ಳಿ. ನಾಳೆ ಏನೇ ಆದರೂ 45 ಸಿಗುತ್ತದೆ. 44 ತೀರಿಸಿ, ಒಂದು ರೂಪಾಯಿ ಜೇಬಿಗೆ ಹಾಕಿಕೊಳ್ಳಬಹುದು. ಅಪಾಯವೂ ಇಲ್ಲ, ಬಂಡವಾಳವೂ ಬೇಡ. ಇಂಥ ಪುಕ್ಕಟೆ ದುಡ್ಡನ್ನೇ ಆರ್ಬಿಟ್ರೇಜ್ ಅನ್ನುತ್ತಾರೆ. ಮಾರುಕಟ್ಟೆಯಲ್ಲಿ ಅದು ಇರುವುದಿಲ್ಲ ಅನ್ನುವ ನಂಬಿಕೆಯ ಮೇಲೆ ಈ ಇಡೀ ಕ್ಷೇತ್ರ ನಿಂತಿದೆ.

ಈಗ ಗಮನಿಸಿ. ಷೇರು ಏರುವ ಸಾಧ್ಯತೆ ಶೇ 90 ಇದ್ದರೂ, ಶೇ 10 ಇದ್ದರೂ ಬೆಲೆ ಅದೇ 5. ಮೊದಲ ಸಲ ನೋಡಿದಾಗ ಇದು ಎಲ್ಲೋ ಮೋಸ ಅನಿಸುತ್ತದೆ, ಅಲ್ವಾ? ಅನಿಸಲಿ. ಆ ಅನುಮಾನ ಬಂದವರು ಮುಂದೆ ಚೆನ್ನಾಗಿ ಓದುತ್ತಾರೆ. ಏರುವ ಸಾಧ್ಯತೆ ಮೂರರಲ್ಲಿ ಒಂದು ಅಂತ ಇಟ್ಟುಕೊಂಡು ಸರಾಸರಿ ತೆಗೆದರೆ, ಷೇರಿನ ಬೆಲೆ ಸರಿಯಾಗಿ 100 ಬರುತ್ತದೆ, ಕಾಲ್ ಬೆಲೆ 15ರ ಮೂರನೇ ಒಂದು ಭಾಗ, ಅಂದರೆ 5. ಈ ಮೂರನೇ ಒಂದು ನಿಜವಾದ ಸಾಧ್ಯತೆ ಅಲ್ಲ. ಬೆಲೆ ಕಟ್ಟಲು ನಾವೇ ಮಾಡಿಕೊಂಡ ಸಂಖ್ಯೆ. ಪೇಪರ್‌ಗಳಲ್ಲಿ ನಿಜವಾದ ಸಾಧ್ಯತೆಗೆ ‘ಪಿ’, ಬೆಲೆ ಕಟ್ಟುವ ಸಾಧ್ಯತೆಗೆ ‘ಕ್ಯೂ’ ಅಂತ ಬರೆಯುವ ರೂಢಿ ಇದೆ. ಹೊಸಬರು ಎಡವುವುದು ಇಲ್ಲೇ ಜಾಸ್ತಿ. ಒಂದು ಪೇಪರ್ ಕೈಗೆ ಬಂದ ತಕ್ಷಣ ಇದು ‘ಪಿ’ಯ ಮಾತೋ ‘ಕ್ಯೂ’ನ ಮಾತೋ ಅಂತ ಅಂಚಿನಲ್ಲಿ ಗುರುತು ಹಾಕಿಕೊಂಡರೆ ಅರ್ಧ ಗೊಂದಲ ಕಳೆಯುತ್ತದೆ.

ಇನ್ನೊಂದು ಹೆಜ್ಜೆ. ನಾಳೆ 120, 90 ಮಾತ್ರವಲ್ಲ, 100ರಲ್ಲೇ ಉಳಿಯುವ ಸಾಧ್ಯತೆಯೂ ಇದೆ ಅನ್ನಿ. ಅದೇ ಅರ್ಧ ಷೇರಿನ ಲೆಕ್ಕ ಮಾಡಿ. ಏರಿದರೆ 45, ಇಳಿದರೆ 45, ಅಲ್ಲೇ ನಿಂತರೆ 50. ಖಾತ್ರಿ ಹೋಯಿತು. ಎಷ್ಟು ಷೇರು ಇಟ್ಟುಕೊಂಡರೂ ಮೂರನ್ನೂ ಸಮ ಮಾಡಲಾಗುವುದಿಲ್ಲ. ಈಗ ಒಂದೇ ಬೆಲೆ ಅನ್ನುವುದಿಲ್ಲ. 0 ಮತ್ತು 5ರ ನಡುವೆ ಯಾವ ಬೆಲೆ ಹೇಳಿದರೂ ಯಾರೂ ಪುಕ್ಕಟೆ ದುಡ್ಡು ಮಾಡಿಕೊಳ್ಳಲಾರರು. ಇದಕ್ಕೆ ಇನ್‌ಕಂಪ್ಲೀಟ್ ಮಾರ್ಕೆಟ್ ಅನ್ನುತ್ತಾರೆ, ಅದರ ಮೇಲೆ ರಾಶಿ ರಾಶಿ ಸಂಶೋಧನೆ ಇದೆ. ನಾವು ಮಾಡಿದ್ದು ಇಷ್ಟೇ, ಒಂದು ಷರತ್ತನ್ನು ಸ್ವಲ್ಪ ಸಡಿಲಿಸಿದೆವು.

ಷರತ್ತು ಸಡಿಲಿಸಿದವರು

1973ರ ಪೇಪರಿಗೆ ಈಗ ವಾಪಸ್ ಬನ್ನಿ. ಷೇರು ಕಣ್ಣೆವೆ ಮಿಟುಕಿಸುವಷ್ಟು ಹೊತ್ತಿನಲ್ಲಿ ಚೂರು ಮೇಲೆ ಇಲ್ಲವೇ ಚೂರು ಕೆಳಗೆ ಹೋಗುತ್ತದೆ, ಪ್ರತಿ ಸಲವೂ ನಾವು ಷೇರಿನ ಪ್ರಮಾಣ ಹೊಂದಿಸಿಕೊಳ್ಳುತ್ತೇವೆ. ಜಿಗಿತ ಇರಬಾರದು ಅನ್ನುವ ಷರತ್ತು ಯಾಕೆ ಬೇಕು ಅಂತ ಈಗ ಗೊತ್ತಾಗುತ್ತದೆ. ಜಿಗಿದರೆ ಎರಡೇ ದಾರಿ ಅನ್ನುವ ಮಾತು ಮುರಿಯುತ್ತದೆ. ಬ್ರೋಕರ್ ಖರ್ಚು ಯಾಕೆ ಸೊನ್ನೆ ಇರಬೇಕು? ಕ್ಷಣಕ್ಷಣಕ್ಕೂ ಕೊಂಡು ಮಾರುವವನಿಗೆ ಚೂರು ಖರ್ಚಿದ್ದರೂ ಒಟ್ಟು ಖರ್ಚಿಗೆ ಮಿತಿಯೇ ಇರುವುದಿಲ್ಲ. ಎರಡು ದಾರಿಯ ಈ ಪುಟ್ಟ ಲೆಕ್ಕವನ್ನು ಸಣ್ಣ ಸಣ್ಣ ಹೆಜ್ಜೆಯಾಗಿ ಜೋಡಿಸುತ್ತಾ ಹೋದರೆ ಬ್ಲ್ಯಾಕ್-ಶೋಲ್ಸ್ ಸೂತ್ರವೇ ಸಿಗುತ್ತದೆ ಅಂತ 1979ರಲ್ಲಿ ಕಾಕ್ಸ್, ರಾಸ್ ಮತ್ತು ರೂಬಿನ್‌ಸ್ಟೈನ್ ತೋರಿಸಿದರು. ನನ್ನ ಸಲಹೆ, 1979ರದ್ದನ್ನು ಮೊದಲು ಓದಿ, 1973ರದ್ದನ್ನು ಆಮೇಲೆ.

ಮುಂದೆ ಬಂದ ಪೇಪರ್‌ಗಳನ್ನು ಷರತ್ತಿನ ಪಟ್ಟಿಯ ಪಕ್ಕ ಬರೆದುಕೊಳ್ಳುತ್ತಾ ಹೋಗಬಹುದು. ರಾಬರ್ಟ್ ಮರ್ಟನ್ 1973ರಲ್ಲೇ ಡಿವಿಡೆಂಡ್ ಮತ್ತು ಬದಲಾಗುವ ಬಡ್ಡಿಯನ್ನು ತಂದರು, 1976ರಲ್ಲಿ ಜಿಗಿತವನ್ನು ಸೇರಿಸಿದರು. ಲೆಲ್ಯಾಂಡ್ 1985ರಲ್ಲಿ ವ್ಯವಹಾರದ ಖರ್ಚನ್ನು ಕೈಗೆತ್ತಿಕೊಂಡರು. ಹೆಸ್ಟನ್ 1993ರಲ್ಲಿ ಏರಿಳಿತದ ಪ್ರಮಾಣವೇ ಏರಿಳಿಯಲಿ ಅಂದರು. ಬೇಕಾದಷ್ಟು ಸಾಲ ಒಂದೇ ಬಡ್ಡಿಗೆ ಸಿಗುತ್ತದೆ ಅನ್ನುವ ಷರತ್ತನ್ನು 2008ರ ಬಿಕ್ಕಟ್ಟಿನ ತನಕ ಮುಟ್ಟಿದವರು ಕಡಿಮೆ. ಬ್ಯಾಂಕುಗಳಿಗೇ ಸಾಲ ಹುಟ್ಟದ ಕಾಲ ಬಂದ ಮೇಲೆ ಅದರ ಮೇಲೂ ಪೇಪರ್‌ಗಳ ಸಾಲು ಬಂತು.

ಒಂದು ಷರತ್ತು ಸುಳ್ಳಾಗುವುದನ್ನು ನೀವೇ ಕಣ್ಣಾರೆ ನೋಡಬಹುದು, ಪಿಎಚ್‌ಡಿ ಬೇಕಿಲ್ಲ. ಎನ್‌ಎಸ್‌ಇ ಜಾಲತಾಣದಲ್ಲಿ ನಿಫ್ಟಿ ಸೂಚ್ಯಂಕದ ಆಪ್ಷನ್ ಚೈನ್, ಅಂದರೆ ಆಪ್ಷನ್ ಬೆಲೆಗಳ ಪಟ್ಟಿ, ತೆರೆಯಿರಿ. ಅದರಲ್ಲಿ ‘ಐವಿ’ ಅಂತ ಒಂದು ಕಾಲಂ ಇದೆ. ಮಾರುಕಟ್ಟೆಯ ಬೆಲೆಯನ್ನು ಸೂತ್ರಕ್ಕೆ ತಿರುಗಾಮುರುಗಾ ಹಾಕಿ, ಎಷ್ಟು ಏರಿಳಿತ ಇದ್ದರೆ ಈ ಬೆಲೆ ಬರುತ್ತದೆ ಅಂತ ಲೆಕ್ಕ ಮಾಡಿದ ಸಂಖ್ಯೆ ಅದು. ಬ್ಲ್ಯಾಕ್-ಶೋಲ್ಸ್ ಷರತ್ತು ನಿಜವಾಗಿದ್ದರೆ, ಒಂದೇ ತಾರೀಖಿಗೆ ಮುಗಿಯುವ ಆಪ್ಷನ್‌ಗಳಿಗೆಲ್ಲ, ಸ್ಟ್ರೈಕ್ (ಕೊಳ್ಳಲು ಗೊತ್ತುಮಾಡಿದ ಬೆಲೆ, ಮೇಲಿನ ಲೆಕ್ಕದ 105) ಯಾವುದೇ ಇರಲಿ, ಆ ಸಂಖ್ಯೆ ಒಂದೇ ಇರಬೇಕಿತ್ತು. ಕಾಲಂ ಮೇಲಿಂದ ಕೆಳಗೆ ಕಣ್ಣಾಡಿಸಿ, ಒಂದೇ ಇರುವುದಿಲ್ಲ. ಅಮೆರಿಕದಲ್ಲಿ 1987ರ ಅಕ್ಟೋಬರ್ 19ರಂದು ಡೌ ಸೂಚ್ಯಂಕ ಒಂದೇ ದಿನದಲ್ಲಿ ಶೇ 22.6 ಬಿತ್ತು. ಅಲ್ಲಿಂದಾಚೆ ಸೂಚ್ಯಂಕದ ಆಪ್ಷನ್‌ಗಳಲ್ಲಿ ಕೆಳಗಿನ ಸ್ಟ್ರೈಕ್‌ಗಳಿಗೆ ಈ ಸಂಖ್ಯೆ ಎದ್ದು ಕಾಣುವಷ್ಟು ಜಾಸ್ತಿ ಇರುತ್ತದೆ. ಬೀಳುವ ಭಯಕ್ಕೆ ಜನ ಹೆಚ್ಚು ಬೆಲೆ ಕೊಡುತ್ತಾರೆ. ಹೆಸ್ಟನ್ ಮಾದರಿಯಂಥ ಪೇಪರ್‌ಗಳು ವಿವರಿಸಲು ಹೊರಟಿದ್ದು ಸ್ಟ್ರೈಕ್ ಬದಲಾದ ಹಾಗೆ ಈ ಸಂಖ್ಯೆ ಎಳೆಯುವ ವಕ್ರ ಗೆರೆಯನ್ನೇ.

(ಈ ಮಾತನ್ನು ಕೇಳಿ ಆಪ್ಷನ್ ಟ್ರೇಡಿಂಗ್‌ಗೆ ಇಳಿಯಬೇಡಿ. 2022ರಿಂದ 2024ರವರೆಗಿನ ಮೂರು ಹಣಕಾಸು ವರ್ಷಗಳಲ್ಲಿ ಫ್ಯೂಚರ್ಸ್ (ಮುಂದಿನ ದಿನದ ಕೊಡುಕೊಳ್ಳುವಿಕೆಗೆ ಇವತ್ತೇ ಬೆಲೆ ಗೊತ್ತುಮಾಡುವ ಒಪ್ಪಂದ) ಮತ್ತು ಆಪ್ಷನ್ಸ್‌ನಲ್ಲಿ ವ್ಯವಹರಿಸಿದ ವ್ಯಕ್ತಿಗಳಲ್ಲಿ ಶೇ 93 ಮಂದಿ ನಷ್ಟ ಮಾಡಿಕೊಂಡರು ಅಂತ ಮಾರುಕಟ್ಟೆ ನಿಯಂತ್ರಕ ಸೆಬಿಯೇ ಲೆಕ್ಕ ಹಾಕಿ ಹೇಳಿದೆ.)

ಯಾವ ಪುಟ ಮೊದಲು

ಇವತ್ತಿನ ಗಣಿತದ ಪೇಪರ್ ಸಾಮಾನ್ಯವಾಗಿ ಹೀಗೆ ಶುರುವಾಗುತ್ತದೆ: ಒಮೆಗಾ, ಎಫ್, ಪಿ ಅನ್ನುವ ಸಂಭವನೀಯತೆಯ ಅವಕಾಶ (ಪ್ರಾಬಬಿಲಿಟಿ ಸ್ಪೇಸ್), ಅದರ ಮೇಲೊಂದು ಫಿಲ್ಟ್ರೇಷನ್. ಇದನ್ನು ಕಂಡೇ ಎಷ್ಟೋ ಜನ ಪುಟ ಮುಚ್ಚುತ್ತಾರೆ. ಒಳಗಿರುವುದು ಸರಳ ಸಂಗತಿ. ಫಿಲ್ಟ್ರೇಷನ್ ಅಂದರೆ ಯಾವ ಹೊತ್ತಿಗೆ ಏನೇನು ಗೊತ್ತಿರುತ್ತದೆ ಅನ್ನುವ ದಾಖಲೆ. ನಾಳೆಯ ಬೆಲೆ ನೋಡಿಕೊಂಡು ಇವತ್ತು ವ್ಯಾಪಾರ ಮಾಡುವ ಹಾಗಿಲ್ಲ, ಅಷ್ಟೇ ಅದರ ಅರ್ಥ. ಕೋಡ್ ಬರೆಯುವವರು ಹಳೆಯ ಡೇಟಾದ ಮೇಲೆ ನಡೆಸುವ ಪರೀಕ್ಷೆಯಾದ ಬ್ಯಾಕ್‌ಟೆಸ್ಟ್‌ನಲ್ಲಿ ಗೊತ್ತಿಲ್ಲದೆ ನಾಳೆಯ ಡೇಟಾ ಬಳಸಿ ಭಾರಿ ಲಾಭ ತೋರಿಸುತ್ತಾರಲ್ಲ, ಅದನ್ನು ತಡೆಯುವ ಬೇಲಿ ಇದು.

ನಾನು ಓದುವ ಕ್ರಮ ಹೀಗೆ. ಸಾರಾಂಶ, ಪೀಠಿಕೆ, ಆಮೇಲೆ ಸೀದಾ ಮುಖ್ಯ ಪ್ರಮೇಯ. ಅಲ್ಲಿಂದ ಹಿಂದಕ್ಕೆ ಹೋಗಿ, ಪ್ರಮೇಯದಲ್ಲಿ ಬಂದ ಚಿಹ್ನೆಗಳಿಗೆ ಮಾತ್ರ ಅರ್ಥ ಹುಡುಕುತ್ತೇನೆ. ಆಮೇಲೆ ಸಂಖ್ಯೆಗಳ ಭಾಗ. ಸಾಧನೆ (ಪ್ರೂಫ್) ಕೊನೆಗೆ, ಅದೂ ಪೇಪರ್ ಬೇಕು ಅನಿಸಿದರೆ ಮಾತ್ರ. ಓದಿದ್ದು ಅರ್ಥವಾಯಿತೇ ಅಂತ ತಿಳಿಯಲು ಒಂದು ಸಂಖ್ಯೆಯನ್ನಾದರೂ ನಾವೇ ಹುಟ್ಟಿಸಬೇಕು. ಷೇರು 100, ಸ್ಟ್ರೈಕ್ 100, ಬಡ್ಡಿ ಸೊನ್ನೆ, ವರ್ಷಕ್ಕೆ ಶೇ 20 ಏರಿಳಿತ, ಒಂದು ವರ್ಷದ ಅವಧಿ ಹಾಕಿದರೆ ಬ್ಲ್ಯಾಕ್-ಶೋಲ್ಸ್ ಕಾಲ್ ಬೆಲೆ 7.97 ಬರಬೇಕು. ಬರದಿದ್ದರೆ ಕೋಡ್‌ನಲ್ಲಿ ಎಲ್ಲೋ ತಪ್ಪಿದೆ. ಬಂದರೆ ಇನ್ನೊಂದು ಪ್ರಯೋಗ: ದಿನಕ್ಕೊಮ್ಮೆ ಮಾತ್ರ ಷೇರಿನ ಪ್ರಮಾಣ ಹೊಂದಿಸಿಕೊಂಡರೆ ಎಷ್ಟು ತಪ್ಪು ಉಳಿಯುತ್ತದೆ, ವಾರಕ್ಕೊಮ್ಮೆ ಆದರೆ ಎಷ್ಟು? ತಪ್ಪನ್ನು ಅರ್ಧಕ್ಕೆ ಇಳಿಸಲು ಸುಮಾರು ನಾಲ್ಕು ಪಟ್ಟು ಸಲ ಹೊಂದಿಸಬೇಕಾಗುತ್ತದೆ. ಸಂಜೆಯೊಂದರಲ್ಲಿ ಮುಗಿಯುವ ಈ ಕೆಲಸ, ಸಾಧನೆಯನ್ನು ಮತ್ತೆ ಮತ್ತೆ ಓದುವುದಕ್ಕಿಂತ ಜಾಸ್ತಿ ಕಲಿಸುತ್ತದೆ.

ಡೇಟಾ ಹಿಡಿದು ಬರೆಯುವ ಪೇಪರ್‌ಗಳನ್ನು ಬೇರೆ ಕಣ್ಣಿನಿಂದ ನೋಡಬೇಕು. ಅಲ್ಲಿ ಕೇಳಬೇಕಾದದ್ದು, ಇವರು ಎಷ್ಟು ಸಲ ಪ್ರಯತ್ನಿಸಿ ಇದೊಂದನ್ನು ತೋರಿಸುತ್ತಿದ್ದಾರೆ ಅಂತ. ಷೇರಿನ ಲಾಭವನ್ನು ವಿವರಿಸುತ್ತೇವೆ ಅಂದ 316 ಅಂಶಗಳನ್ನು ಹಾರ್ವೆ, ಲಿಯು ಮತ್ತು ಝೂ 2016ರ ಪೇಪರಿನಲ್ಲಿ ಪಟ್ಟಿ ಮಾಡಿದರು. ಇಷ್ಟೊಂದು ಜನ ಹುಡುಕಿದ ಮೇಲೆ ಅದೃಷ್ಟಕ್ಕೆ ಸಿಕ್ಕಿದ್ದೂ ನಿಜದ ಹಾಗೆ ಕಾಣುತ್ತದೆ, ಆದ್ದರಿಂದ ಟಿ ಮೌಲ್ಯ (ಸಿಕ್ಕಿದ್ದು ಬರೀ ಅದೃಷ್ಟವೋ ಅಲ್ಲವೋ ಅಂತ ಅಳೆಯುವ ಸಂಖ್ಯೆ) 2 ಸಾಲದು, 3 ದಾಟಬೇಕು ಅಂದರು.

ಕೇಳಬಾರದ ಪ್ರಶ್ನೆ ಇಲ್ಲ

ಚರ್ಚೆ ನಮ್ಮಲ್ಲಿ ಸ್ವಲ್ಪ ಕಷ್ಟ. ಸೆಮಿನಾರ್‌ನಲ್ಲಿ ಕೈ ಎತ್ತಿದರೆ ಸರ್‌ಗೆ ಎದುರಾಡಿದ ಹಾಗೆ ಅಂತ ಸುಮ್ಮನೆ ಕೂರುವವರೇ ಹೆಚ್ಚು. ಆಮೇಲೆ ಕಾಫಿ ಕುಡಿಯುವಾಗ ಒಳ್ಳೊಳ್ಳೆ ಪ್ರಶ್ನೆಗಳು ಬರುತ್ತವೆ, ಆದರೆ ಅವು ಮಾತಾಡಿದವರ ಕಿವಿಗೆ ಬೀಳುವುದಿಲ್ಲ. ಇಬ್ಬರು ಮೂವರು ಸೇರಿ, ಒಂದು ಪೇಪರ್, ಒಂದು ಬೋರ್ಡ್ ಇಟ್ಟುಕೊಂಡು ಕೂತರೆ ಈ ಹಿಂಜರಿಕೆ ಬೇಗ ಹೋಗುತ್ತದೆ. ಒಬ್ಬರು ಪೇಪರಿನ ಪರ, ಒಬ್ಬರು ವಿರುದ್ಧ.

ಕೇಳುವುದು ಏನು? ಈ ಷರತ್ತು ಸಾಧನೆಯಲ್ಲಿ ಎಲ್ಲಿ ಬಳಕೆಯಾಯಿತು ತೋರಿಸಿ. ಏರಿಳಿತವನ್ನು ಸೊನ್ನೆ ಮಾಡಿದರೆ ನಿಮ್ಮ ಸೂತ್ರ ಏನು ಹೇಳುತ್ತದೆ? ಯಾವುದನ್ನು ಕೊಂಡು ಮಾರಿ ಹೆಡ್ಜ್ ಮಾಡುತ್ತೀರಿ, ಅಂದರೆ ಅಪಾಯ ಕಳೆಯುತ್ತೀರಿ, ಅದು ಮಾರುಕಟ್ಟೆಯಲ್ಲಿ ಸಿಗುತ್ತದಾ?

ಪೆದ್ದು ಅನಿಸುವ ಪ್ರಶ್ನೆಯೂ ಕೆಲವೊಮ್ಮೆ ದುಬಾರಿ ಪ್ರಶ್ನೆಯಾಗಿರುತ್ತದೆ. ಲೂಯಿ ಬಶೆಲಿಯೇ 1900ರಲ್ಲಿ ಪ್ಯಾರಿಸ್‌ನಲ್ಲಿ ಬರೆದ ಪ್ರಬಂಧದಲ್ಲಿ ಬೆಲೆ ಸೊನ್ನೆಗಿಂತ ಕೆಳಗೂ ಹೋಗಬಹುದಿತ್ತು. ಅದು ಆ ಮಾದರಿಯ ದೋಷ ಅಂತಲೇ ಮುಂದಿನವರು ತಿದ್ದಿದರು. ಬೆಲೆ ಸೊನ್ನೆ ದಾಟಿ ಇಳಿದರೆ ಅಂತ ಯಾರಾದರೂ ಕೇಳಿದ್ದರೆ ನಗುತ್ತಿದ್ದರು. 2020ರ ಏಪ್ರಿಲ್ 20ರಂದು ಅಮೆರಿಕದ ಕಚ್ಚಾ ತೈಲದ ಮೇ ತಿಂಗಳ ಫ್ಯೂಚರ್ಸ್ ಬ್ಯಾರೆಲ್‌ಗೆ ಮೈನಸ್ 37.63 ಡಾಲರ್‌ಗೆ ನಿಂತಿತು. ನಮ್ಮ ಸರಕು ವಿನಿಮಯ ಕೇಂದ್ರ ಎಂಸಿಎಕ್ಸ್‌ನಲ್ಲಿ ಆ ಕಾಂಟ್ರಾಕ್ಟ್ ಇತ್ಯರ್ಥವಾದದ್ದು ಮೈನಸ್ 2,884 ರೂಪಾಯಿಗೆ. ಕೊಂಡವರು ಕೊಟ್ಟ ದುಡ್ಡನ್ನು ಕಳೆದುಕೊಂಡಿದ್ದಲ್ಲದೆ ಮೇಲಿಂದ ಕಟ್ಟಬೇಕಾಯಿತು. ಬ್ಲ್ಯಾಕ್-ಶೋಲ್ಸ್ ಜಾತಿಯ ಸೂತ್ರಕ್ಕೆ ಮೈನಸ್ ಬೆಲೆ ಹಾಕಿದರೆ ಲೆಕ್ಕವೇ ನಡೆಯುವುದಿಲ್ಲ. ಅದೇ ವಾರ ಶಿಕಾಗೋದ ವಿನಿಮಯ ಕೇಂದ್ರ ಸಿಎಂಇ ತೈಲದ ಆಪ್ಷನ್‌ಗಳನ್ನು ಬಶೆಲಿಯೇ ಮಾದರಿಗೆ ಬದಲಾಯಿಸಿತು.

ಬರೆಯುವಾಗ

ಮುದ್ರಿತ ಪೇಪರಿನ ಕ್ರಮ ನೋಡಿ ಲೇಖಕರು ಹಾಗೇ ಯೋಚಿಸಿದರು ಅಂದುಕೊಳ್ಳಬೇಡಿ. ಬ್ಲ್ಯಾಕ್ ಮೊದಲು ತಮ್ಮ ಸಮೀಕರಣವನ್ನು ಕಂಡುಕೊಂಡದ್ದು ಬೇರೆ ದಾರಿಯಲ್ಲಿ, ಷೇರು ಮಾರುಕಟ್ಟೆಯ ಸಮತೋಲನದ ಸಿದ್ಧಾಂತದಿಂದ. ಸಮೀಕರಣ ಸಿಕ್ಕಿತು, ಬಿಡಿಸಲು ಆಗಲಿಲ್ಲ. ಹಾರ್ವರ್ಡ್‌ನಲ್ಲಿ ಅನ್ವಯಿಕ ಗಣಿತದಲ್ಲಿ ಪಿಎಚ್‌ಡಿ ಮಾಡಿದವರಿಗೂ ಅದು ಭೌತಶಾಸ್ತ್ರದ ಶಾಖದ ಸಮೀಕರಣವೇ ಅಂತ ಹೊಳೆಯಲಿಲ್ಲವಂತೆ. ಕ್ಷಣಕ್ಷಣಕ್ಕೂ ಹೆಡ್ಜ್ ಮಾಡಿದರೆ ಅಪಾಯವೇ ಉಳಿಯುವುದಿಲ್ಲ ಅನ್ನುವ ಸೂಚನೆ ರಾಬರ್ಟ್ ಮರ್ಟನ್ ಅವರದು, ಪೇಪರಿನ ಅಡಿಟಿಪ್ಪಣಿಯಲ್ಲೇ ಅದನ್ನು ಒಪ್ಪಿಕೊಂಡಿದ್ದಾರೆ. ಅಚ್ಚಾದ ಪೇಪರಿನಲ್ಲಿ ಹೆಡ್ಜ್ ದಾರಿ ಮೊದಲು ಬರುತ್ತದೆ, ಹಳೆಯ ದಾರಿ ‘ಇನ್ನೊಂದು ವಿಧಾನ’ವಾಗಿ ಆಮೇಲೆ. ಓದುವವರಿಗೆ ಯಾವುದು ಬೇಗ ಒಪ್ಪಿಗೆಯಾಗುತ್ತದೋ ಅದು ಮುಂದೆ. ನಿಮ್ಮ ಪೇಪರನ್ನೂ ಹಾಗೇ ಜೋಡಿಸಿ. ನೀವು ಸುತ್ತಿದ ಊರೆಲ್ಲ ಓದುಗರೂ ಸುತ್ತಬೇಕಿಲ್ಲ.

ಈ ಪೇಪರ್ ಸುಲಭವಾಗಿ ಅಚ್ಚಾಗಲಿಲ್ಲ ಅನ್ನುವುದೂ ಗೊತ್ತಿರಲಿ. ಅದೇ ಜರ್ನಲ್ ಮೊದಲು ತಿರಸ್ಕರಿಸಿತ್ತು, ಇನ್ನೊಂದು ಜರ್ನಲ್ ಕೂಡ ಬೇಡ ಅಂದಿತ್ತು. ಶಿಕಾಗೋದ ಮರ್ಟನ್ ಮಿಲ್ಲರ್ ಮತ್ತು ಯೂಜಿನ್ ಫಾಮಾ ಸಂಪಾದಕರಿಗೆ ಹೇಳಿದ ಮೇಲೆ ಮತ್ತೆ ತಿದ್ದಿ ಕಳಿಸಿದರು. ತಲೆಬರಹ ನೋಡಿ, ಆಪ್ಷನ್ ಜೊತೆ ಕಂಪನಿಗಳ ಸಾಲದ ಬೆಲೆಯ ಮಾತೂ ಇದೆ. ಸಾಲ ಇರುವ ಕಂಪನಿಯ ಷೇರು ಅಂದರೆ ಆ ಕಂಪನಿಯ ಆಸ್ತಿಯ ಮೇಲಿನ ಕಾಲ್ ಆಪ್ಷನ್ನೇ ಅನ್ನುವ ವಾದ ಅದು. ಅರ್ಥಶಾಸ್ತ್ರದವರಿಗೂ ಈ ಪೇಪರ್ ಯಾಕೆ ಬೇಕು ಅನ್ನುವುದಕ್ಕೆ ಅದೇ ಉತ್ತರ.

ನಿಮ್ಮ ಪೀಠಿಕೆಯ ಮೊದಲ ಪುಟದಲ್ಲೂ ಅಂಥ ಉತ್ತರ ಇರಬೇಕು. ಯಾವ ಷರತ್ತನ್ನು ಸಡಿಲಿಸಿದಿರಿ, ಅದರಿಂದ ಏನು ಬದಲಾಯಿತು, ಯಾರಿಗೆ ಬೇಕು. ಒಂದು ಪೇಪರಿಗೆ ಒಂದೇ ಮಾತು ಸಾಕು. ಷರತ್ತುಗಳಿಗೆ ಸಂಖ್ಯೆ ಹಾಕಿ, ಪ್ರತಿ ಪ್ರಮೇಯದಲ್ಲೂ ಯಾವ ಸಂಖ್ಯೆಯ ಷರತ್ತು ಬೇಕಾಯಿತು ಅಂತ ಹೇಳಿ. ಸಾಮಾನ್ಯ ಪ್ರಮೇಯಕ್ಕೆ ಮುಂಚೆ, ಮೇಲೆ ಮಾಡಿದ 120-90ರ ಲೆಕ್ಕದಂಥದ್ದೊಂದು ಉದಾಹರಣೆ ಕೊಡಿ. ಪೀಠಿಕೆಯನ್ನು ಮಾತ್ರ ಕೊನೆಗೆ ಬರೆಯಿರಿ, ಏನು ಸಾಧಿಸಿದ್ದೀರಿ ಅಂತ ನಿಮಗೂ ಸರಿಯಾಗಿ ಗೊತ್ತಾಗುವುದು ಆಗಲೇ.

ಬರೆದದ್ದನ್ನು ಪೇಪರ್ ಹಂಚುವ ಜಾಲತಾಣ ಆರ್ಕೈವ್‌ನ ಕ್ವಾಂಟಿಟೇಟಿವ್ ಫೈನಾನ್ಸ್ ವಿಭಾಗಕ್ಕೆ ಹಾಕಬಹುದು. 2008ರ ಕೊನೆಯಿಂದ ಅದು ಇದೆ, ಓದಲು ದುಡ್ಡು ಕೊಡಬೇಕಿಲ್ಲ. ಮೊದಲ ಸಲ ಹಾಕುವವರಿಗೆ ಅಲ್ಲಿ ಈಗಾಗಲೇ ಬರೆದ ಒಬ್ಬರ ಶಿಫಾರಸು ಬೇಕಾಗಬಹುದು. ಪ್ರಮೇಯ ಜಾಸ್ತಿ ಇದ್ದರೆ ‘ಮ್ಯಾಥಮ್ಯಾಟಿಕಲ್ ಫೈನಾನ್ಸ್’ ಅಥವಾ ‘ಫೈನಾನ್ಸ್ ಅಂಡ್ ಸ್ಟೊಕ್ಯಾಸ್ಟಿಕ್ಸ್’ ಜರ್ನಲ್, ಸಂಖ್ಯೆ ಮತ್ತು ಬಳಕೆಯ ಮಾತು ಜಾಸ್ತಿ ಇದ್ದರೆ ‘ಕ್ವಾಂಟಿಟೇಟಿವ್ ಫೈನಾನ್ಸ್’. ಕಳಿಸುವ ಮುಂಚೆ ಆ ಜರ್ನಲ್‌ನ ಇತ್ತೀಚಿನ ಸಂಚಿಕೆಗಳನ್ನು ತಿರುವಿ ಹಾಕಿ. ಎಷ್ಟೋ ಪೇಪರ್‌ಗಳು ತಪ್ಪಾಗಿರುವುದಕ್ಕಲ್ಲ, ತಪ್ಪು ವಿಳಾಸಕ್ಕೆ ಹೋದದ್ದಕ್ಕೆ ವಾಪಸ್ ಬರುತ್ತವೆ.

ತಿಂಗಳುಗಟ್ಟಲೆ ಕಾದ ಮೇಲೆ ಪೇಪರ್ ಪರಿಶೀಲಿಸಿದ ತಜ್ಞರ, ಅಂದರೆ ರೆಫರಿಯ, ವರದಿ ಬರುತ್ತದೆ. ಓದಿದ ದಿನ ಉತ್ತರ ಬರೆಯಬೇಡಿ, ಸಿಟ್ಟು ಇಳಿಯಲಿ. ಆಮೇಲೆ ಅವರ ಒಂದೊಂದು ಮಾತನ್ನೂ ಹಾಗೇ ಇಟ್ಟು, ಅದರ ಕೆಳಗೆ ಏನು ತಿದ್ದಿದಿರಿ, ಯಾವ ಪುಟದಲ್ಲಿ ಅಂತ ಬರೆಯಿರಿ. ರೆಫರಿ ಪೇಪರನ್ನು ತಪ್ಪಾಗಿ ಅರ್ಥ ಮಾಡಿಕೊಂಡಿದ್ದರೆ, ಆ ಸಾಲನ್ನು ಅವರಿಗೂ ತಿಳಿಯುವ ಹಾಗೆ ಮತ್ತೆ ಬರೆಯಿರಿ. ಒಪ್ಪದ ಕಡೆ ಒಪ್ಪುವುದಿಲ್ಲ ಅಂತ ಹೇಳಬಹುದು, ಪಕ್ಕದಲ್ಲಿ ಲೆಕ್ಕ ಇರಬೇಕು.